ಮೆಕೆಂಜಿ ಸಾಹೇಬನ ಜೊತೆ ನಡೆದವರು

ನಮ್ಮ ತಾತ ಶಾನುಭೋಗರಾಗಿದ್ದರು. ಚಾಮರಾಜನಗರದ ಕಡೆಯ ಒಂದು ಸಣ್ಣ ಊರು ನಮ್ಮದು. 1960ರ ದಶಕದಲ್ಲೇ ಶಾನುಭೋಗಿಕೆ ಹೋಯಿತು, ನಾನು ಹುಟ್ಟಿದ್ದು ಅದಾದ ಎಷ್ಟೋ ವರ್ಷಕ್ಕೆ. ಆದರೂ ಊರಿನವರ ಬಾಯಲ್ಲಿ ಅದು ಶಾನುಭೋಗರ ಮನೆಯೇ.

ಆ ಮನೆಯ ಅಟ್ಟದಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಅದರೊಳಗೆ ಕಡತ. ಈಗ ಕಡತ ಅಂದರೆ ಕಚೇರಿಯ ಫೈಲು. ತಾತನ ಕಾಲಕ್ಕೂ ಹಿಂದಿನ ಕಡತ ಬಟ್ಟೆಯದು. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸುತ್ತಿದ್ದರು. ಕಪ್ಪು ಹಲಗೆಯ ಹಾಗೆ ಗಟ್ಟಿಯಾಗುತ್ತಿತ್ತು. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಲಪದಲ್ಲಿ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಯಾರ ಹೊಲ ಎಷ್ಟು, ಯಾರ ಕಂದಾಯ ಬಾಕಿ, ಕೆರೆಯ ತೂಬಿನ ನೀರು ಯಾರಿಗೆ ಮೊದಲು, ಎಲ್ಲ ಅದರಲ್ಲೇ ಇತ್ತಂತೆ.

ಒಂದು ಮಳೆಗಾಲದಲ್ಲಿ ಹೆಂಚು ಸರಿದು ಅಟ್ಟಕ್ಕೆ ನೀರು ಬಿತ್ತು. ಯಾರೂ ಹತ್ತಿ ನೋಡಲಿಲ್ಲ. ನೋಡುವ ಹೊತ್ತಿಗೆ ಪೆಟ್ಟಿಗೆಯ ತಳ ಗೆದ್ದಲು ತಿಂದಿತ್ತು. ಅಮ್ಮ ಮೊರದಲ್ಲಿ ತುಂಬಿ ತಿಪ್ಪೆಗೆ ಹಾಕಿದ್ದು ನನಗೆ ನೆನಪಿದೆ. ನನಗಾಗ ಹತ್ತು ವರ್ಷ ಇರಬಹುದು. ಕಪ್ಪು ಚೂರುಗಳ ಮೇಲೆ ಅಲ್ಲಲ್ಲಿ ಬಿಳಿ ಅಕ್ಷರ ಕಾಣುತ್ತಿತ್ತು. ನನಗೆ ಓದಲು ಬರಲಿಲ್ಲ.

ಇಪ್ಪತ್ತು ವರ್ಷದ ನಂತರ ಒಂದು ಲೈಬ್ರರಿಯಲ್ಲಿ 'ಕರ್ನಾಟಕದ ಕೈಫಿಯತ್ತುಗಳು' ಅನ್ನುವ ದಪ್ಪ ಪುಸ್ತಕ ಕೈಗೆ ಸಿಕ್ಕಿತು. ಎಂ.ಎಂ. ಕಲಬುರ್ಗಿ ಅವರು ಸಂಪಾದಿಸಿದ್ದು, ಹಂಪಿ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿದ್ದು. ಕೈಫಿಯತ್ತು ಅಂದರೆ ಒಂದು ಊರಿನ ಸಮಾಚಾರ. ಊರು ಹೇಗೆ ಹುಟ್ಟಿತು, ಕೆರೆ ಯಾರು ಕಟ್ಟಿಸಿದರು, ದೇವರು ಯಾವುದು, ಯಾವ ಪಾಳೆಗಾರ ಆಳಿದ, ಹೈದರನ ಕಾಲದಲ್ಲಿ ಏನಾಯಿತು, ಟಿಪ್ಪುವಿನ ಕಾಲದಲ್ಲಿ ಏನಾಯಿತು, ಇನಾಂ ಯಾರಿಗಿದೆ, ಹೀಗೆ. ಊರಿನ ಶಾನುಭೋಗರು, ಪಟೇಲರು, ಪೂಜಾರಿಗಳು, ಹಿರಿಯರು ಹೇಳಿದ್ದನ್ನು ಇನ್ನೂರು ವರ್ಷದ ಹಿಂದೆ ಬರೆದುಕೊಂಡದ್ದು. ನಮ್ಮೂರಿನ ಹೆಸರು ಹುಡುಕಿದೆ. ಮೊದಲ ಪುಟದಿಂದ ಕೊನೆಯವರೆಗೆ ಬೆರಳಿಟ್ಟು ಹುಡುಕಿದೆ. ಇರಲಿಲ್ಲ.

ಆದರೆ ಅವತ್ತಿನಿಂದ ಒಬ್ಬ ಮನುಷ್ಯ ನನ್ನ ತಲೆಯಲ್ಲಿ ಕೂತುಬಿಟ್ಟ. ಈ ಕೈಫಿಯತ್ತುಗಳು ಯಾರ ಸಂಗ್ರಹದಿಂದ ಬಂದವೋ ಅವನು. ಕಾಲಿನ್ ಮೆಕೆಂಜಿ. ಈಸ್ಟ್ ಇಂಡಿಯಾ ಕಂಪನಿಯ ಮಿಲಿಟರಿ ಎಂಜಿನಿಯರ್.

ಅವನು ಹುಟ್ಟಿದ್ದು ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಲೂಯಿಸ್ ದ್ವೀಪದ ಸ್ಟೋರ್ನೋವೇ ಅನ್ನುವ ಬಂದರು ಊರಿನಲ್ಲಿ, 1754ರ ಸುಮಾರಿಗೆ. ಅಲ್ಲೇ ಸುಂಕದ ಕಟ್ಟೆಯಲ್ಲಿ ಕೆಲಸಕ್ಕಿದ್ದ. ಮೂವತ್ತರ ಹತ್ತಿರ ಬಂದಾಗ ಅದನ್ನು ಬಿಟ್ಟು ಹಡಗು ಹತ್ತಿದ. 1783ರಲ್ಲಿ ಮದರಾಸಿನಲ್ಲಿ ಇಳಿದ. ಮತ್ತೆ ತನ್ನ ದೇಶಕ್ಕೆ ಹೋಗಲೇ ಇಲ್ಲ. ಬಂದದ್ದು ಕಾಲಾಳು ಪಡೆಗೆ. 1786ರಲ್ಲಿ ಎಂಜಿನಿಯರ್ ಪಡೆ ಸೇರಿದ.

ಮಿಲಿಟರಿ ಎಂಜಿನಿಯರ್ ಅಂದರೆ ಆಗ ಸೇತುವೆ ಕಟ್ಟುವವನು ಅಂತ ಮಾತ್ರ ಅಲ್ಲ. ಕೋಟೆಗೆ ಮುತ್ತಿಗೆ ಹಾಕುವಾಗ ತೋಪುಗಳನ್ನು ಎಲ್ಲಿಡಬೇಕು, ಯಾವ ಗೋಡೆ ಒಡೆಯಬೇಕು, ಸೈನ್ಯ ಯಾವ ಘಟ್ಟ ಇಳಿಯಬಹುದು, ಹೊಳೆಯನ್ನು ಎಲ್ಲಿ ಹಾಯಬಹುದು, ಇದೆಲ್ಲ ಅವನ ಲೆಕ್ಕ. ಮೆಕೆಂಜಿ ಮೂರನೇ ಮೈಸೂರು ಯುದ್ಧದಲ್ಲಿದ್ದ. ಪಾಂಡಿಚೇರಿಯಲ್ಲಿದ್ದ, ಸಿಲೋನಿನಲ್ಲಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ಮುತ್ತಿಗೆಯ ಎಂಜಿನಿಯರುಗಳಲ್ಲಿ ಇವನೂ ಒಬ್ಬ. ಇದನ್ನು ಮರೆಯಬಾರದು ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅವನ ಮೇಲೆ ಪ್ರೀತಿ ಹುಟ್ಟಿದಾಗಲೆಲ್ಲ ಆ ಒಡೆದ ಕೋಟೆ ಗೋಡೆಯನ್ನು ನೆನಪಿಸಿಕೊಳ್ಳುತ್ತೇನೆ.

ಕೋಟೆ ಬಿದ್ದ ಮೇಲೆ ರಾಜ್ಯವನ್ನು ಹಂಚಿಕೊಂಡರು. ಕಂಪನಿಗೆ ಒಂದಷ್ಟು, ನಿಜಾಮನಿಗೆ ಒಂದಷ್ಟು. ಉಳಿದದ್ದಕ್ಕೆ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜರನ್ನು ಕೂರಿಸಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿದರು. ಹಂಚಿಕೊಂಡದ್ದೇನೋ ಆಯಿತು, ಗಡಿ ಎಲ್ಲಿ? ಯಾವ ಹಳ್ಳಿ ಯಾರಿಗೆ? ಅದಕ್ಕೆ ಅಳತೆ ಬೇಕು. ಆ ಕೆಲಸ ಮೆಕೆಂಜಿಗೆ ಬಂತು. ಸುಮಾರು 40,000 ಚದರ ಮೈಲಿ. ಅವನು ಮತ್ತು ಅವನ ಜನ ಹತ್ತು ವರ್ಷ ಹೆಚ್ಚುಕಡಿಮೆ ಈ ನೆಲದ ಮೇಲೆಯೇ ಓಡಾಡಿದರು.

ಕೆಲಸ ಹೇಗೆ ನಡೆಯುತ್ತಿತ್ತು ಅಂತ ಊಹಿಸಿಕೊಳ್ಳುವುದು ನನಗೆ ಇಷ್ಟ. ಮೊದಲು ಸಮತಟ್ಟಾದ ಬಯಲಿನಲ್ಲಿ ಸರಪಳಿ ಹಿಡಿದು ಒಂದು ನೇರ ಗೆರೆಯನ್ನು ಬಹಳ ಜೋಪಾನವಾಗಿ ಅಳೆಯಬೇಕು. ಆಮೇಲೆ ಸುತ್ತಲಿನ ಬೆಟ್ಟಗಳ ತುದಿಯಲ್ಲಿ ಗಳು ನೆಟ್ಟು, ಗೆರೆಯ ಎರಡೂ ತುದಿಯಿಂದ ಥಿಯೋಡೊಲೈಟ್‌ನಲ್ಲಿ ಕೋನ ನೋಡಬೇಕು. ಒಂದು ಬದಿ, ಎರಡು ಕೋನ ಗೊತ್ತಾದರೆ ತ್ರಿಕೋನ ಪೂರ್ತಿ ಗೊತ್ತಾಗುತ್ತದೆ. ಆ ತ್ರಿಕೋನದ ಬದಿಯಿಂದ ಇನ್ನೊಂದು, ಅದರಿಂದ ಮತ್ತೊಂದು. ಬೆಟ್ಟದಿಂದ ಬೆಟ್ಟಕ್ಕೆ ಹೀಗೆ ನಾಡನ್ನೇ ತ್ರಿಕೋನಗಳಲ್ಲಿ ಕಟ್ಟಿಹಾಕುತ್ತಾ ಹೋಗಬೇಕು. ನಡುವಿನ ದಾರಿ, ಹಳ್ಳ, ಕೆರೆಗಳನ್ನು ಚಕ್ರ ಉರುಳಿಸಿ ಅಳೆಯಬೇಕು. ಬೆಟ್ಟ ಹತ್ತಿದರೆ ಮಂಜು, ಕಾಡಿಗಿಳಿದರೆ ಜ್ವರ. ಅವನ ಸಹಾಯಕರು ಒಬ್ಬರ ಹಿಂದೆ ಒಬ್ಬರು ಮಲೇರಿಯಾದಲ್ಲಿ ಬಿದ್ದರು. ಇದರ ನಡುವೆ ಕಂಪನಿಯವರು ಖರ್ಚು ಜಾಸ್ತಿಯಾಯಿತು ಅಂತ ಸರ್ವೆಯ ಹಣವನ್ನೇ ಕಡಿತ ಮಾಡಿದರು.

ಹೀಗೆ ಅಳೆಯುವವರ ಕಣ್ಣಿಗೆ ಏನೇನೋ ಬೀಳುತ್ತಿತ್ತು. 1802ರಲ್ಲಿ ಮೈಸೂರಿನ ಪೂರ್ವದ ಗಡಿ ಅಳೆಯುತ್ತಿದ್ದ ಜಾನ್ ವಾರನ್ ಅನ್ನುವ ಅಧಿಕಾರಿಗೆ ಕೋಲಾರದ ಕಡೆ ಮಣ್ಣಿನಲ್ಲಿ ಚಿನ್ನ ಸಿಗುತ್ತದೆ ಅನ್ನುವ ಮಾತು ಕಿವಿಗೆ ಬಿತ್ತು. ಅಲ್ಲಿನ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆದು ತೋರಿಸಿದರು. ಅದು ಬೇರೆಯೇ ದೊಡ್ಡ ಕಥೆ.

ಮೆಕೆಂಜಿಯ ಸರ್ವೆ ನಕ್ಷೆಗೆ ಮುಗಿಯಲಿಲ್ಲ. ಏಳು ದೊಡ್ಡ ಸಂಪುಟಗಳ ವರದಿ ತಯಾರಾಯಿತು. ಊರು, ಕೆರೆ, ಬೆಳೆ, ಮನೆ, ಜನ, ಮಗ್ಗ, ದಾರಿ. ಯಾವ ಊರಲ್ಲಿ ಯಾರೂ ಇಲ್ಲ ಅನ್ನುವುದೂ ಲೆಕ್ಕವೇ. ನಮ್ಮ ಕಂದಾಯ ಇಲಾಖೆಯ ಪುಸ್ತಕದಲ್ಲಿ ಈಗಲೂ 'ಬೇಚಿರಾಕ್ ಗ್ರಾಮ' ಅನ್ನುವ ಮಾತಿದೆ. ದೀಪವಿಲ್ಲದ ಊರು ಅಂತ ಅದರ ಅರ್ಥ. ಪಾರ್ಸಿಯಿಂದ ಬಂದ ಮಾತು. ಯುದ್ಧ, ಬರ, ಜ್ವರ ಮೂರೂ ಹಾದುಹೋದ ಆ ಸೀಮೆಯಲ್ಲಿ ದೀಪವಿಲ್ಲದ ಊರುಗಳು ಎಷ್ಟಿದ್ದವೋ.

ಇಲ್ಲಿಯವರೆಗಿನದು ಒಬ್ಬ ಶ್ರದ್ಧೆಯ ಅಧಿಕಾರಿಯ ಕಥೆ. ಅಂಥವರು ಇನ್ನೂ ಕೆಲವರಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ.

1817ರಲ್ಲಿ ಅವನು ತನ್ನ ಗೆಳೆಯ ಅಲೆಕ್ಸಾಂಡರ್ ಜಾನ್ಸ್ಟನ್‌ಗೆ ಒಂದು ಉದ್ದನೆಯ ಪತ್ರ ಬರೆದ. ಅಷ್ಟು ಹೊತ್ತಿಗೆ ಅವನು ಇಡೀ ಇಂಡಿಯಾದ ಮೊದಲ ಸರ್ವೇಯರ್ ಜನರಲ್. ಅರವತ್ತು ದಾಟಿತ್ತು. ಆ ಪತ್ರದಲ್ಲಿ ಅವನು ಒಪ್ಪಿಕೊಳ್ಳುತ್ತಾನೆ: ತಾನು ಇಂಡಿಯಾದಲ್ಲಿ ಕಳೆದ ಮೊದಲ ಹದಿಮೂರು ವರ್ಷ, ಈ ನಾಡನ್ನು ತಿಳಿಯುವ ಮಟ್ಟಿಗೆ, ಲೆಕ್ಕಕ್ಕೆ ಬರುವಂಥದ್ದಲ್ಲ. ಇಲ್ಲಿನ ಭಾಷೆಗಳು ತನಗೆ ಬರಲಿಲ್ಲ ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಬಾಗಿಲು ತೆರೆದದ್ದು 1796ರಲ್ಲಿ, ಸಿಲೋನಿನಿಂದ ವಾಪಸು ಬಂದ ಮೇಲೆ, ಕಾವಲಿ ವೆಂಕಟ ಬೊರಯ್ಯ ಅನ್ನುವ ಹುಡುಗ ಸಿಕ್ಕಾಗ ಅಂತ ಹೇಳುತ್ತಾನೆ.

ಹದಿಮೂರು ವರ್ಷ! ಅಷ್ಟು ವರ್ಷ ಒಂದು ನಾಡಿನಲ್ಲಿದ್ದು, ಅದರ ಕೋಟೆ, ದಾರಿ, ಹೊಳೆಗಳನ್ನೆಲ್ಲ ಅಳೆದು, ಆಮೇಲೆ ಅದು ಲೆಕ್ಕಕ್ಕಿಲ್ಲ ಅನ್ನುವುದು ಸಣ್ಣ ಮಾತಲ್ಲ. ಕಂಪನಿಯ ಎಷ್ಟು ಜನ ಅಧಿಕಾರಿಗಳು ಹೀಗೆ ಹೇಳಿಯಾರು?

ಬೊರಯ್ಯ ಏಲೂರಿನ ಕಡೆಯ ತೆಲುಗು ಬ್ರಾಹ್ಮಣ. ಮೆಕೆಂಜಿಗೆ ಸಿಕ್ಕಾಗ ಇಪ್ಪತ್ತರ ಆಸುಪಾಸು. ಸಂಸ್ಕೃತ, ತೆಲುಗು, ಕನ್ನಡ, ಪಾರ್ಸಿ, ಇಂಗ್ಲಿಷ್ ಎಲ್ಲದರಲ್ಲೂ ಓಡಾಡಬಲ್ಲವನು. ಅವನ ತಮ್ಮಂದಿರು ಲಕ್ಷ್ಮಯ್ಯ, ರಾಮಸ್ವಾಮಿ. ಸರ್ವೆಯ ಡೇರೆ ಒಂದು ಕಡೆ ಬಿದ್ದರೆ ಇವರು ಇನ್ನೊಂದು ಕಡೆಗೆ ಹೊರಡುತ್ತಿದ್ದರು. ಗುಡಿಯ ಪೂಜಾರಿಯ ಹತ್ತಿರ ಕೂತು, ಮಠದ ಜಗಲಿಯಲ್ಲಿ ಕೂತು, ಶಾನುಭೋಗರ ಮನೆಯಲ್ಲಿ ಕಡತ ಬಿಚ್ಚಿಸಿ, ಕೇಳಿ ಬರೆದುಕೊಳ್ಳುತ್ತಿದ್ದರು. ಶಾಸನ ಇದ್ದರೆ ನಕಲು ಮಾಡಿಕೊಳ್ಳುತ್ತಿದ್ದರು. ಬೊರಯ್ಯನಿಗೆ ಹಳಗನ್ನಡದ ಕಲ್ಲಿನ ಅಕ್ಷರಗಳನ್ನು ಬಿಡಿಸಿ ಓದುವ ಕೈ ಕುದುರಿತ್ತು. ಮೂಡಿಗೆರೆಯ ಒಬ್ಬ ಜೈನ ಅರ್ಚಕ ಹೇಳಿದ್ದನ್ನು ಅವನು ಇಂಗ್ಲಿಷಿಗೆ ತಂದ. ಜೈನರ ಬಗ್ಗೆ ಆ ಬರಹ ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ 1807ರಲ್ಲಿ ಅಚ್ಚಾಯಿತು. ಜೈನ ಧರ್ಮದ ಬಗ್ಗೆ ಯುರೋಪಿನವರು ಓದಿದ ಮೊದಮೊದಲ ಬರಹಗಳಲ್ಲಿ ಅದೂ ಒಂದು. ಶೀರ್ಷಿಕೆಯಲ್ಲೇ ಬೊರಯ್ಯನ ಹೆಸರಿದೆ. ಅಚ್ಚಾದದ್ದನ್ನು ನೋಡಲು ಬೊರಯ್ಯ ಇರಲಿಲ್ಲ. 1803ರಲ್ಲೇ ತೀರಿಕೊಂಡಿದ್ದ. ಇನ್ನೂ ಮೂವತ್ತು ತುಂಬಿರಲಿಲ್ಲ.

ಊರಿನವರು ಸುಮ್ನೆ ಹೇಳಿಬಿಡುತ್ತಿದ್ದರು ಅಂದುಕೊಳ್ಳಬೇಡಿ. ಕೇಳಲು ಬಂದವರು ಯಾರ ಕಡೆಯವರು? ಈಗಷ್ಟೇ ರಾಜ್ಯ ಗೆದ್ದ ಕಂಪನಿಯವರು. ಕೇಳುತ್ತಿರುವುದು ಏನು? ಇನಾಂ ಭೂಮಿ ಯಾರದ್ದು, ಯಾವ ರಾಜ ಕೊಟ್ಟದ್ದು, ತಾಮ್ರಪಟ ಎಲ್ಲಿದೆ. ತೋರಿಸಿದರೆ ಕಿತ್ತುಕೊಂಡಾರು ಅನ್ನುವ ಭಯ ಇರುವುದಿಲ್ಲವಾ? ಮೆಕೆಂಜಿಯ ಜನ ಅವನಿಗೆ ಕಳಿಸುತ್ತಿದ್ದ ವರದಿಗಳಲ್ಲಿ ಈ ಪಾಡು ಮತ್ತೆ ಮತ್ತೆ ಬರುತ್ತದೆ. ತಾಮ್ರಪಟ ಇಲ್ಲ ಅನ್ನುತ್ತಾರೆ, ನಾಳೆ ಬನ್ನಿ ಅನ್ನುತ್ತಾರೆ, ದಿನಗಟ್ಟಲೆ ಕಾದು ವಿಶ್ವಾಸ ಗಳಿಸಬೇಕಾಗುತ್ತದೆ. ಜನರ ಭಯ ಹುಸಿಯೂ ಅಲ್ಲ. ಬರೆದುಕೊಂಡದ್ದೆಲ್ಲ ಕೊನೆಗೆ ಸೇರಿದ್ದು ಕಂದಾಯ ವಸೂಲಿ ಮಾಡುವ ಸರ್ಕಾರವನ್ನೇ. ನಮ್ಮ ತಾತನ ಜಾಗದಲ್ಲಿ ನಿಂತು ನೋಡಿದರೆ, ನಾನೂ ಪೆಟ್ಟಿಗೆಯ ಬೀಗ ತೆಗೆಯುತ್ತಿರಲಿಲ್ಲವೇನೋ.

ಆದರೂ ಹೇಳಿದರು. ಯಾಕೆ ಹೇಳಿದರು ಅನ್ನುವುದು ನನ್ನನ್ನು ತುಂಬಾ ಕಾಡಿದ ಪ್ರಶ್ನೆ.

ಅದಕ್ಕೆ ಒಂದು ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನಲ್ಲಿ ಕನಕಗಿರಿ ಅಂತ ಒಂದು ಬೆಟ್ಟ. ಮೇಲೆ ಪಾರ್ಶ್ವನಾಥನ ಬಸದಿ. ಚಿಕ್ಕವನಿದ್ದಾಗ ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಬಂಡೆಗಳ ಮೇಲೆ ಅಕ್ಷರಗಳಿವೆ, ಅದರ ಮೇಲೆ ಕಾಲಿಡಬೇಡ ಅಂತ ಅಮ್ಮ ಗದರುತ್ತಿದ್ದಳು. 1804ರಲ್ಲಿ ಮೆಕೆಂಜಿ ಸರ್ವೆಗೆ ಅಂತ ಇದೇ ಊರಿಗೆ ಬಂದ. ಅಲ್ಲಿ ದೇವಚಂದ್ರ ಅನ್ನುವ ಜೈನ ಕವಿ ಇದ್ದ. ಸಾಹೇಬ ಹಳೆಯ ಸಂಗತಿಗಳನ್ನು ಕೇಳಿದ. ದೇವಚಂದ್ರ ತನಗೆ ಗೊತ್ತಿದ್ದದ್ದನ್ನು ಹೇಳಿದ, ತನ್ನ ಬಳಿ ಇದ್ದದ್ದನ್ನು ತೋರಿಸಿದ. ಸಾಹೇಬ ಹೋದ. ಆದರೆ ಕೇಳಿದ ಪ್ರಶ್ನೆ ಹೋಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಅದು ದೇವಚಂದ್ರನ ಜೊತೆಗೇ ಇತ್ತು. ಕೊನೆಗೆ ಅದು 'ರಾಜಾವಳಿ ಕಥೆ' ಆಯಿತು. ಜೈನ ಪರಂಪರೆ, ರಾಜರ ವಂಶ, ಕವಿಗಳು, ಜಾತಿಗಳು, ಕೇಳಿದ ಕಥೆಗಳು, ಎಲ್ಲ ಸೇರಿದ ಕನ್ನಡದ ದೊಡ್ಡ ಗದ್ಯ ಗ್ರಂಥ ಅದು. ಮೆಕೆಂಜಿ ಸತ್ತು ಎಷ್ಟೋ ವರ್ಷವಾಗಿತ್ತು. ಆ ಗ್ರಂಥ ಒಪ್ಪಿಸಿದ್ದು ಮೈಸೂರು ಅರಮನೆಯ ದೇವೀರಮ್ಮಣ್ಣಿಗೆ.

ಹಾಗಾದರೆ ದೇವಚಂದ್ರ ಬರೆದದ್ದು ಸಾಹೇಬನಿಗಾಗಿಯಾ? ನನಗೆ ಹಾಗೆ ಅನ್ನಿಸುವುದಿಲ್ಲ. ಅವನ ಮನೆಯಲ್ಲಿ, ಅವನ ಬಸದಿಯಲ್ಲಿ, ಅವನ ನೆನಪಿನಲ್ಲಿ ಇದ್ದದ್ದೆಲ್ಲ ಒಂದು ಕಡೆ ಕೂಡಿಸಬೇಕು ಅನ್ನುವ ಆಸೆ ಮೊದಲೇ ಇದ್ದಿರಬೇಕು. ಯುದ್ಧಗಳಲ್ಲಿ ಎಷ್ಟು ತಾಳೆಗರಿ ಸುಟ್ಟುಹೋಗುವುದನ್ನು ಆ ತಲೆಮಾರು ನೋಡಿತ್ತು ಅಲ್ವಾ? ಯಾರೋ ಒಬ್ಬರು ಬಂದು 'ಹೇಳು' ಅಂದರು. ಅಷ್ಟು ಸಾಕಾಯಿತು.

ಮೆಕೆಂಜಿಯ ಒಂದು ಚಿತ್ರ ಇದೆ. ಥಾಮಸ್ ಹಿಕ್ಕಿ 1816ರಲ್ಲಿ ಮದರಾಸಿನಲ್ಲಿ ಬರೆದದ್ದು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಕೋಟಿನ ಸಾಹೇಬ, ಸುತ್ತ ಮೂವರು ನಮ್ಮವರು. ಒಬ್ಬನ ಕೈಯಲ್ಲಿ ದುರ್ಬೀನು. ಒಬ್ಬನ ಕೈಯಲ್ಲಿ ತಾಳೆಗರಿ. ತಾಳೆಗರಿ ಹಿಡಿದವನು ಜೈನ ಪಂಡಿತ ಧರ್ಮಯ್ಯ ಎನ್ನುತ್ತಾರೆ. ಹಿಂದೆ ದೂರದ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟ. ಮದರಾಸಿನಲ್ಲಿ ನಿಂತವನಿಗೆ ಕಾರ್ಕಳ ಎಲ್ಲಿ ಕಾಣಬೇಕು? ತನ್ನ ಚಿತ್ರದ ಹಿನ್ನೆಲೆಗೆ ಮೈಸೂರು ಸರ್ವೆಯ ನೆನಪೇ ಬೇಕು ಅಂತ ಆ ಮುದುಕ ಕೇಳಿಕೊಂಡಿರಬೇಕು.

ಮೊಬೈಲಿನಲ್ಲಿ ಆ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿರುತ್ತೇನೆ. ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಕೆಂಪು ಕೋಟು. ನನ್ನ ಕಣ್ಣು ಹೋಗುವುದು ಧರ್ಮಯ್ಯನ ಕೈಗೆ. ಆ ತಾಳೆಗರಿ ಓದಲು ಸಾಹೇಬನಿಗೆ ಬರುತ್ತಿರಲಿಲ್ಲ, ಅವನಿಗೆ ಬರುತ್ತಿತ್ತು.

ಮೆಕೆಂಜಿ 1811ರಲ್ಲಿ ಜಾವಾ ಯುದ್ಧಕ್ಕೆ ಹೋದ, ಅಲ್ಲೂ ಇದೇ ಕೆಲಸ ಮಾಡಿದ, ಅಲ್ಲೇ ಮದುವೆಯೂ ಆದ. 1821ರ ಮೇ 8ರಂದು ಕಲ್ಕತ್ತಾದ ಹತ್ತಿರ ಹೂಗ್ಲಿ ನದಿಯ ಮೇಲೆ ತೀರಿಕೊಂಡ. ಅವನು ಬಿಟ್ಟುಹೋದದ್ದನ್ನು ಹೊರೇಸ್ ಹೇಮನ್ ವಿಲ್ಸನ್ ಪಟ್ಟಿ ಮಾಡಿ 1828ರಲ್ಲಿ ಅಚ್ಚು ಹಾಕಿಸಿದ. 1,568 ಹಸ್ತಪ್ರತಿಗಳು, 8,076 ಶಾಸನಗಳ ನಕಲು, 2,630 ಚಿತ್ರಗಳು, 6,218 ನಾಣ್ಯಗಳು, ಇನ್ನೂ ಏನೇನೋ. ಹಂಪಿಯ ಅವಶೇಷಗಳ ನಕ್ಷೆಯನ್ನು ಅವನು 1799ರಲ್ಲೇ ಮಾಡಿಸಿದ್ದ. ಇದಕ್ಕೆಲ್ಲ ತನ್ನ ಸಂಬಳದಿಂದಲೇ ಬಹಳಷ್ಟು ಸುರಿದಿದ್ದ. ಕಂಪನಿ ಅವನ ಹೆಂಡತಿಗೆ ಒಂದು ಲಕ್ಷ ರೂಪಾಯಿ ಕೊಟ್ಟು ಸಂಗ್ರಹವನ್ನು ಕೊಂಡಿತು. ಒಂದು ಭಾಗ ಲಂಡನ್ನಿಗೆ ಹೋಯಿತು. ದೇಶಭಾಷೆಗಳ ಹಸ್ತಪ್ರತಿಗಳು ಮದರಾಸಿಗೆ ಬಂದವು. ಕನ್ನಡದ ಕೈಫಿಯತ್ತುಗಳು ಉಳಿದದ್ದು ಅಲ್ಲಿ.

ಈ ಇಡೀ ಕಥೆಯಲ್ಲಿ ನನ್ನ ಹೊಟ್ಟೆ ಉರಿಸುವುದು ಆಮೇಲೆ ನಡೆದದ್ದು. ಬೊರಯ್ಯನ ತಮ್ಮ ಲಕ್ಷ್ಮಯ್ಯ ಅಣ್ಣ ಸತ್ತ ಮೇಲೆ ಆ ಜಾಗದಲ್ಲಿ ನಿಂತು ಇಪ್ಪತ್ತು ವರ್ಷದ ಹತ್ತಿರ ಈ ಕೆಲಸ ಮಾಡಿದವನು. ದಕ್ಷಿಣದ ಮೂಲೆಮೂಲೆಗೆ ಜನರನ್ನು ಕಳಿಸಿ, ಬಂದ ಬರಹಗಳನ್ನು ಓದಿ ತಿದ್ದಿ ಜೋಡಿಸಿದವನು. ಮೆಕೆಂಜಿ ಹೋದ ಮೇಲೆ ನಿಂತ ಕೆಲಸವನ್ನು ಮುಂದುವರಿಸುತ್ತೇನೆ, ಅವಕಾಶ ಕೊಡಿ ಅಂತ ಅವನು ಸರ್ಕಾರವನ್ನು ಕೇಳಿದ. ಸರ್ಕಾರ ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯ ಅಭಿಪ್ರಾಯ ಕೇಳಿತು. 1836ರಲ್ಲಿ ಬಂದ ಉತ್ತರ ಏನು ಗೊತ್ತಾ? ಇಂಥ ಕೆಲಸಕ್ಕೆ ಎಲ್ಲವನ್ನೂ ಒಟ್ಟಾಗಿ ನೋಡಿ ತೂಗಬಲ್ಲ ದೊಡ್ಡ ತಲೆ ಬೇಕು, ಅದು ಇವನಿಂದ ಆಗುವಂಥದ್ದಲ್ಲ, ಯಾವ ಭಾರತೀಯನಿಂದಲೂ ಆಗುವಂಥದ್ದಲ್ಲ ಅನ್ನುವ ಅರ್ಥದ ಮಾತು. ಆಗ ಸೊಸೈಟಿಯ ಕಾರ್ಯದರ್ಶಿ ಜೇಮ್ಸ್ ಪ್ರಿನ್ಸೆಪ್. ಅಶೋಕನ ಬ್ರಾಹ್ಮಿಯನ್ನು ಓದಿ ಹೆಸರು ಮಾಡಿದವನು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಕೂತಿದ್ದೆ. ಎರಡು ದಶಕದ ಹತ್ತಿರ ಊರೂರು ಸುತ್ತಿ ಕೇಳಿದವನಿಗೆ, ಕಲ್ಲಿನ ಮುಂದೆ ಕೂತು ಓದಿದವನಿಗೆ, ನೀನು ತಂದುಕೊಡು ಸಾಕು, ಅರ್ಥ ನಾವು ಮಾಡಿಕೊಳ್ಳುತ್ತೇವೆ ಅಂದ ಹಾಗಾಯಿತು. ಮೆಕೆಂಜಿ ಇದ್ದಿದ್ದರೆ ಒಪ್ಪುತ್ತಿದ್ದನಾ? ತನಗೆ ಬಾಗಿಲು ತೆರೆದವರು ಯಾರು ಅಂತ ಪತ್ರದಲ್ಲಿ ಬರೆದಿಟ್ಟವನು ಅವನು. ಹಾಗಂತ ಅವನೂ ತನ್ನ ಕಾಲದವನೇ. ಡೇರೆಯೊಳಗಿನ ಕುರ್ಚಿ ಅವನದ್ದು, ಹೊರಗಿನ ಬಿಸಿಲು ಇವರದ್ದು.

ಕಳೆದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿದ್ದೆ. ಕೈಫಿಯತ್ತಿನಲ್ಲಿ ನಮ್ಮೂರು ಇಲ್ಲದಿದ್ದರೆ ಏನಂತೆ, ನಾನೇ ನಾಲ್ಕು ಜನರನ್ನು ಕೇಳಿ ಬರೆಯೋಣ ಅಂತ. ಕೆರೆಯ ಏರಿಯ ಮೇಲೆ ಅರಳಿಕಟ್ಟೆಯಲ್ಲಿ ಒಬ್ಬ ಅಜ್ಜ ಕೂತಿದ್ದರು. ಎಂಬತ್ತು ದಾಟಿರಬೇಕು. ಪಕ್ಕದಲ್ಲಿ ಕೂತು ನೋಟ್‌ಬುಕ್ ಬಿಚ್ಚಿದೆ. ಅವರು ನನ್ನ ಮುಖ ನೋಡಲಿಲ್ಲ, ಪುಸ್ತಕ ನೋಡಿದರು.

"ಯಾವ ಆಫೀಸಿಂದ ಬಂದಿದ್ದೀಯಪ್ಪ? ಜಮೀನು ವಿಚಾರವಾ?"

"ಇಲ್ಲ ಅಜ್ಜ, ಸುಮ್ನೆ. ಕೆರೆ ಯಾರು ಕಟ್ಟಿಸಿದ್ದು ಅಂತ ಕೇಳೋಣ ಅಂತ."

"ಬರ್ಕೊಂಡು ಏನ್ ಮಾಡ್ತೀಯಾ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನೋಟ್‌ಬುಕ್ ಮುಚ್ಚಿ ಚೀಲದೊಳಗೆ ಹಾಕಿದೆ. ಶಾನುಭೋಗರ ಮೊಮ್ಮಗ ಅಂತ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ಎಲೆಯಡಿಕೆ ಚೀಲ ಬಿಚ್ಚಿದರು. ನಿಧಾನಕ್ಕೆ ಸುಣ್ಣ ಸವರಿದರು.

"ನಿಮ್ಮ ತಾತ ತೂಬಿನ ನೀರು ಬಿಡೋ ದಿನ ಬಲಪ ಹಿಡ್ಕೊಂಡು ಇಲ್ಲೇ ಕೂರ್ತಿದ್ರು ಕಣಪ್ಪ," ಅಂದರು. ಆಮೇಲೆ ಏರಿಯ ಆ ತುದಿಗೆ ಕೈ ತೋರಿಸಿ, ಕೆರೆ ಒಡೆದ ವರ್ಷದ ಕಥೆ ಶುರುಮಾಡಿದರು. ಹೊತ್ತು ಮುಳುಗುವವರೆಗೆ ಹೇಳಿದರು. ಮನೆಗೆ ಬಂದು ದೀಪ ಹಾಕಿಕೊಂಡು, ಮರೆಯುವ ಮೊದಲು, ಅಷ್ಟನ್ನೂ ಬರೆದೆ.